ಕ್ಯಾನ್, ಕುಡ್, ವುಡ್: ಇಂಗ್ಲಿಷಿನಲ್ಲಿ ಮರ್ಯಾದೆಯಿಂದ ಕೇಳುವ ಬಗೆ

ನಮಸ್ಕಾರ. ನೀವೀಗ ನೋಡುತ್ತಿರುವುದು ಇಂಗ್ಲೆಂಡಿನ ಲೀಡ್ಸ್ ನಗರದ ಕರ್ಕ್‌ಗೇಟ್ ಮಾರುಕಟ್ಟೆ. ಬ್ರೆಡ್ ಅಂಗಡಿಯ ಮುಂದೆ ನಿಂತವರ ಮಾತಿಗೆ ಸ್ವಲ್ಪ ಕಿವಿಗೊಡಿ. 'ಗಿವ್ ಮಿ ಟೂ' ಎನ್ನುವವರು ಇಲ್ಲಿ ಅಪರೂಪ. 'ಕ್ಯಾನ್ ಐ ಹ್ಯಾವ್ ಟೂ ಆಫ್ ದೋಸ್, ಪ್ಲೀಸ್?' ಎಂದು ಕೇಳುವುದೇ ರೂಢಿ. ದುಡ್ಡು ಕೊಟ್ಟು ಕೊಳ್ಳುವ ವಸ್ತುವನ್ನೂ ಹೀಗೆ ಪ್ರಶ್ನೆಯಾಗಿಯೇ ಕೇಳುತ್ತಾರೆ.

ಕನ್ನಡದಲ್ಲಿ ಮರ್ಯಾದೆ ಕ್ರಿಯಾಪದದ ಕೊನೆಯಲ್ಲೇ ಇರುತ್ತದೆ. 'ಕೊಡು' ಎಂಬುದಕ್ಕೂ 'ಕೊಡಿ' ಎಂಬುದಕ್ಕೂ ಇರುವ ಅಂತರವನ್ನು ಮಗುವೂ ಬಲ್ಲದು. ಇಂಗ್ಲಿಷಿನಲ್ಲಾದರೋ ಹಿರಿಯರಿಗೂ ಕಿರಿಯರಿಗೂ ಒಂದೇ 'ಯೂ', ಒಂದೇ 'ಗಿವ್'. ಆದ್ದರಿಂದ ನಾವು ಮನಸ್ಸಿನಲ್ಲಿ 'ಕೊಡಿ' ಎಂದುಕೊಂಡು 'ಗಿವ್' ಎಂದಾಗ, ನಮ್ಮ ಗೌರವವೆಲ್ಲ ನಮ್ಮಲ್ಲೇ ಉಳಿದು, ಎದುರಿನವರಿಗೆ ಅಪ್ಪಣೆಯಷ್ಟೇ ತಲುಪುತ್ತದೆ. 'ಪ್ಲೀಸ್' ಸೇರಿಸಿದರೆ ಸಾಕೆಂದು ನಮ್ಮಲ್ಲಿ ಅನೇಕರು ನಂಬಿದ್ದಾರೆ. ಆದರೆ 'ಪ್ಲೀಸ್ ಸೆಂಡ್ ದ ಫೈಲ್' ಎಂದು ಸಹೋದ್ಯೋಗಿಗೆ ಬರೆದ ಇಮೇಲ್ ಇಲ್ಲಿನವರಿಗೆ ಹಲವು ಸಲ ಮೇಲಿನಿಂದ ಬಂದ ಸೂಚನೆಯಂತೆ ಕೇಳಿಸುತ್ತದೆ. ಇದು ನಮ್ಮವರ ಒರಟುತನವಲ್ಲ ಎಂಬುದನ್ನು ಒತ್ತಿ ಹೇಳಬಯಸುತ್ತೇನೆ.

ನಮ್ಮ 'ಇ' ಪ್ರತ್ಯಯ ಮಾಡುವ ಕೆಲಸವನ್ನು ಇಂಗ್ಲಿಷಿನಲ್ಲಿ ಬಹುಮಟ್ಟಿಗೆ ಮೋಡಲ್ ಕ್ರಿಯಾಪದಗಳು, ಅಂದರೆ ಮುಖ್ಯ ಕ್ರಿಯಾಪದದ ಜೊತೆ ಬರುವ 'ಕ್ಯಾನ್', 'ಕುಡ್', 'ವುಡ್' ಮುಂತಾದ ಸಹಾಯಕ ಪದಗಳು, ಮಾಡುತ್ತವೆ. 'ಕ್ಯಾನ್ ಯೂ ಸೆಂಡ್ ದ ಫೈಲ್?' ಎಂಬುದು ಆಪ್ತರ ನಡುವೆ ಸಾಕು. 'ಕುಡ್ ಯೂ' ಎಂದರೆ ಇನ್ನಷ್ಟು ಮೃದು. 'ಕುಡ್' ಮೂಲತಃ 'ಕ್ಯಾನ್' ಎಂಬುದರ ಭೂತಕಾಲದ ರೂಪವಾದರೂ ಇಲ್ಲಿ ಕಳೆದ ಕಾಲದ ಮಾತೇ ಇಲ್ಲ. ಅದು ಕೋರಿಕೆಯನ್ನು ಒಂದು ಹೆಜ್ಜೆ ದೂರದಲ್ಲಿಟ್ಟು, 'ಆಗುವುದಿಲ್ಲ' ಎನ್ನಲು ಎದುರಿನವರಿಗೆ ಎಡೆ ಬಿಡುತ್ತದೆ. 'ವಿಲ್ ಯೂ' ಎಂಬುದಕ್ಕಿಂತ 'ವುಡ್ ಯೂ' ನಯವಾಗಿ ಕೇಳಿಸುವುದಕ್ಕೂ ಇದೇ ಕಾರಣ. ಒಂದೇ ಒಂದು ರೂಪವನ್ನು ರೂಢಿಸಿಕೊಳ್ಳುವುದಾದರೆ ನಾನು 'ಕುಡ್ ಯೂ' ಎಂಬುದನ್ನೇ ಆರಿಸುತ್ತೇನೆ. ಅದರ ನಂತರ 'ಟು' ಬರುವುದಿಲ್ಲ; ಕ್ರಿಯಾಪದ ಮೂಲರೂಪದಲ್ಲೇ ಇರುತ್ತದೆ.

ಅನುಮತಿ ಕೇಳುವಾಗ 'ಮೇ ಐ ಕಮ್ ಇನ್, ಸರ್?' ಎಂಬುದು ನಮ್ಮ ಶಾಲೆಗಳಲ್ಲಿ ಮೊದಲು ಬಾಯಿಪಾಠವಾಗುವ ವಾಕ್ಯಗಳಲ್ಲೊಂದು. ಅದು ತಪ್ಪಲ್ಲ, ಆದರೆ ತೀರ ಔಪಚಾರಿಕ. ದಿನಬಳಕೆಯಲ್ಲಿ 'ಕ್ಯಾನ್ ಐ' ಅಥವಾ 'ಕುಡ್ ಐ' ಸಾಕು. ಉತ್ತರ ಕೊಡುವಾಗ ಮಾತ್ರ ಎಚ್ಚರ ಬೇಕು: 'ಕುಡ್ ಐ ಸಿಟ್ ಹಿಯರ್?' ಎಂದು ಕೇಳಿದವರಿಗೆ 'ಯೆಸ್, ಯೂ ಕುಡ್' ಎನ್ನುವುದಿಲ್ಲ, 'ಯೆಸ್, ಯೂ ಕ್ಯಾನ್' ಅಥವಾ 'ಆಫ್ ಕೋರ್ಸ್' ಎನ್ನುತ್ತಾರೆ. ಒಪ್ಪಿಗೆ ಕೊಡುವವರು ಹಿಂಜರಿಯಬೇಕಾದ ಅಗತ್ಯವಿಲ್ಲವಲ್ಲ.

ನಾವಾಗಿಯೇ ಸಹಾಯ ಮಾಡಲು ಮುಂದಾಗುವಾಗ ಕನ್ನಡಿಗರಿಗೆ ದಾರಿ ಸುಲಭ. 'ಬಾಗಿಲು ತೆಗೆಯಲೇ?' ಎಂಬುದಕ್ಕೆ 'ಶಲ್ ಐ ಓಪನ್ ದ ಡೋರ್?' ಸರಿಯಾಗಿ ಹೊಂದುತ್ತದೆ; ಅಮೆರಿಕದಲ್ಲಿ 'ಶುಡ್ ಐ' ಎಂಬುದೇ ಹೆಚ್ಚು ಬಳಕೆ. ಚಹಾ ಬೇಕೇ ಎನ್ನಲು 'ವುಡ್ ಯೂ ಲೈಕ್ ಸಮ್ ಟೀ?' ಎನ್ನಿ.

ಇನ್ನುಳಿದದ್ದು ನಮ್ಮವರನ್ನು ತುಂಬಾ ತಡವರಿಸುವಂತೆ ಮಾಡುವ 'ವುಡ್ ಯೂ ಮೈಂಡ್'. ರೈಲಿನಲ್ಲಿ ಪಕ್ಕದವರು 'ವುಡ್ ಯೂ ಮೈಂಡ್ ಮೂವಿಂಗ್ ಯುವರ್ ಬ್ಯಾಗ್?' ಎಂದರೆ, ಚೀಲ ಸರಿಸಲು ನಿಮ್ಮ ಅಭ್ಯಂತರವಿದೆಯೇ ಎಂದು ಕೇಳಿದ ಹಾಗೆ. ಸಂತೋಷದಿಂದ 'ಯೆಸ್' ಎಂದುಬಿಟ್ಟರೆ ಅಭ್ಯಂತರವಿದೆ ಎಂದಾಗುತ್ತದೆ. ಒಪ್ಪುವವರು 'ನೋ, ನಾಟ್ ಅಟ್ ಆಲ್' ಎನ್ನಬೇಕು. ಇಂಗ್ಲಿಷರಲ್ಲೇ ಹಲವರು 'ಶೂರ್' ಎಂದು ಚೀಲ ಎತ್ತಿಕೊಳ್ಳುವುದೂ ಉಂಟು, ಯಾರೂ ತಪ್ಪು ತಿಳಿಯುವುದಿಲ್ಲ. ನಿಮಗೆ ಉತ್ತರ ತಟ್ಟನೆ ಹೊಳೆಯದಿದ್ದರೆ ಮೊದಲು ಚೀಲ ಸರಿಸಿ, ಆಮೇಲೆ ಮಾತಾಡಿ.