ತೊಳೆ ತಿಂದ ಮೇಲೆ ಉಳಿದದ್ದು

(ಮಳೆಗಾಲದ ಶುರುವಿನಲ್ಲಿ ಸಾಗರದಲ್ಲಿ ಮಾಡಿದ ಮಾತು)

ಎಲ್ಲರಿಗೂ ನಮಸ್ಕಾರ. ಬೆಳಗ್ಗೆ ಇಲ್ಲಿಗೆ ಬರುವಾಗ ದಾರಿಯಲ್ಲಿ ಮೂರು ಕಡೆ ಹಲಸಿನ ಹಣ್ಣು ಬಿದ್ದು ಒಡೆದಿತ್ತು. ಅದರ ವಾಸನೆ ಬಸ್ಸಿನ ಒಳಗೂ ಬಂತು. ಜೂನ್ ತಿಂಗಳಲ್ಲಿ ನಮ್ಮ ಕಡೆ ಯಾವ ರಸ್ತೆಗೆ ಹೋದರೂ ಇದೇ ಕಥೆ. ನಾಲ್ಕು ಮಳೆ ಬಿದ್ದರೆ ಸಾಕು, ಹಣ್ಣು ಸಪ್ಪೆಯಾಗುತ್ತದೆ. ಮನೆಯವರು ಬೇಡ ಅನ್ನುತ್ತಾರೆ, ನೆಂಟರೂ ಬೇಡ ಅನ್ನುತ್ತಾರೆ. ಮರ ಮಾತ್ರ ಉದುರಿಸುತ್ತಲೇ ಇರುತ್ತದೆ.

ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತಿದ್ದವಳು. ನಿವೃತ್ತಿಯಾದ ಮೇಲೆ ಲ್ಯಾಬ್ ಹೋಯಿತು, ಅಡುಗೆಮನೆ ಉಳಿಯಿತು. ಹಾಗಾಗಿ ಇವತ್ತು ಹಣ್ಣು ತಿಂದ ಮೇಲೆ ಎಸೆಯುವ ಸಿಪ್ಪೆ, ನಾರಿನ ಬಗ್ಗೆ ಅರ್ಧ ಪಾಠ, ಅರ್ಧ ಅಡುಗೆ.

ಮೊದಲು ಒಂದೇ ಒಂದು ಲೆಕ್ಕ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದವರು 2024ರಲ್ಲಿ ಒಂದು ವರದಿ ಕೊಟ್ಟರು. ಅದರ ಪ್ರಕಾರ ನಮ್ಮ ದೇಶದ ಮನೆಗಳಲ್ಲಿ ಒಬ್ಬೊಬ್ಬರ ಪಾಲಿಗೆ ವರ್ಷಕ್ಕೆ ಸುಮಾರು 55 ಕಿಲೋ ಆಹಾರ ಕಸವಾಗುತ್ತದೆ. ಇದನ್ನು ಕೇಳಿ ನಾವೇನು ಅಷ್ಟು ಅನ್ನ ಚೆಲ್ಲುತ್ತೇವಾ ಅಂತ ನನಗೆ ಸಿಟ್ಟು ಬಂದಿತ್ತು. ಆಮೇಲೆ ಓದಿ ನೋಡಿದೆ. ತಿನ್ನಲು ಬಾರದ ಸಿಪ್ಪೆ, ಗೊರಟು, ಮೂಳೆ ಎಲ್ಲ ಆ ಲೆಕ್ಕದಲ್ಲಿ ಸೇರಿದೆ. ಹಾಗಾದರೆ ಯಾವುದು ತಿನ್ನಲು ಬರುತ್ತದೆ, ಯಾವುದು ಬರುವುದಿಲ್ಲ ಅಂತ ಹೇಳುವವರು ಯಾರು? ನನ್ನ ಪ್ರಶ್ನೆ ಅಷ್ಟೇ.

ನಮ್ಮ ಅಮ್ಮನ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಹಲಸಿನ ಸಿಪ್ಪೆ ಕೊಟ್ಟಿಗೆಗೆ ಹೋಗುತ್ತಿತ್ತು, ದನ ತಿಂದು ಬಿಟ್ಟದ್ದು ಗೊಬ್ಬರಗುಂಡಿಗೆ. ಬೀಜಕ್ಕೆ ಕೆಮ್ಮಣ್ಣು ಬಳಿದು ಇಟ್ಟರೆ ಮಳೆಗಾಲದ ಸಾರು, ಪಲ್ಯಕ್ಕೆ ಆಗುತ್ತಿತ್ತು. ದಾಳಿಂಬೆ ಸಿಪ್ಪೆ ಒಣಗಿಸಿ ತಂಬುಳಿ, ಕಿತ್ತಳೆ ಸಿಪ್ಪೆಗೆ ಹುಣಸೆ, ಬೆಲ್ಲ ಹಾಕಿ ಗೊಜ್ಜು. ಮುರುಗಲು, ಅಂದರೆ ಕೋಕಂ ಹಣ್ಣಿನದಂತೂ ತಲೆಕೆಳಗು ಕಥೆ. ಅಲ್ಲಿ ಸಿಪ್ಪೆಯೇ ಮುಖ್ಯ. ಬೀಜವನ್ನೂ ಬಿಡದೆ ತುಪ್ಪ ತೆಗೆದು ಒಡೆದ ಹಿಮ್ಮಡಿಗೆ ಹಚ್ಚುತ್ತಿದ್ದರು. ಈಗ ಶಿವಮೊಗ್ಗದ ಎರಡನೇ ಮಹಡಿಯಲ್ಲಿ ಮನೆ ಮಾಡಿದವರಿಗೆ ಕೊಟ್ಟಿಗೆ ಎಲ್ಲಿಂದ ಬರಬೇಕು? ಸಿಪ್ಪೆ ನೇರ ಕಸದ ಗಾಡಿಗೆ. ಅಲ್ವಾ?

ಈಗ ಹಲಸಿಗೆ ಬರೋಣ. ಹತ್ತು ಕಿಲೋ ಹಣ್ಣು ಕೊಯ್ದರೆ ತೊಳೆ ಸಿಗುವುದು ಸುಮಾರು ಮೂರು, ಮೂರೂವರೆ ಕಿಲೋ. ಉಳಿದದ್ದು ಮುಳ್ಳಿನ ಸಿಪ್ಪೆ, ನಡುವಿನ ದಿಂಡು, ಬೀಜ, ಮತ್ತೆ ತೊಳೆಗಳ ನಡುವೆ ಇರುವ ಹಳದಿ ನಾರು. ನಾನು ಹೇಳುತ್ತಿರುವುದು ಆ ನಾರಿನ ವಿಷಯ. ಅದರಲ್ಲಿ ಪೆಕ್ಟಿನ್ ತುಂಬಾ ಇದೆ.

ಪೆಕ್ಟಿನ್ ಅಂದರೆ ಗಿಡದ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿಯುವ ಗೋಂದು. 1825ರಲ್ಲಿ ಫ್ರಾನ್ಸಿನ ಆನ್ರಿ ಬ್ರಾಕೊನ್ನೊ ಅದಕ್ಕೆ ಆ ಹೆಸರು ಇಟ್ಟರು. ತಿರುಳಿಗಿಂತ ಸಿಪ್ಪೆಯಲ್ಲಿ, ನಾರಿನಲ್ಲಿ, ನಿಂಬೆ ಜಾತಿಯ ಹಣ್ಣುಗಳ ಬಿಳಿ ಪದರದಲ್ಲಿ ಅದು ಜಾಸ್ತಿ. ಅಂದರೆ ಜಾಮನ್ನು ಗಟ್ಟಿ ಮಾಡುವ ವಸ್ತುವನ್ನೇ ನಾವು ಎಸೆಯುತ್ತೇವೆ. ಆಮೇಲೆ ಅಂಗಡಿಯಿಂದ ಪೆಕ್ಟಿನ್ ಪುಡಿ ತರುತ್ತೇವೆ!

ಈ ನಾರಿನಿಂದ ಜೆಲ್ಲಿ ಮಾಡುವ ಕ್ರಮ ಹೇಳುತ್ತೇನೆ. ಬಕ್ಕೆ, ಅಂದರೆ ಗಟ್ಟಿ ತೊಳೆಯ ಹಲಸಾದರೆ ಒಳ್ಳೆಯದು. ಕೈಗೆ, ಕತ್ತಿಗೆ ಎಣ್ಣೆ ಹಚ್ಚಿಕೊಂಡು ಮೇಣ ಒರೆಸಿ, ನಾರನ್ನು ಸಣ್ಣಗೆ ಹೆಚ್ಚಿ. ಮುಳುಗುವಷ್ಟು ನೀರು ಹಾಕಿ, ಮುಕ್ಕಾಲು ಗಂಟೆ ಸಣ್ಣ ಉರಿಯಲ್ಲಿ ಬೇಯಿಸಿ. ಹಳ್ಳಿಯವರಿಗೆ ಬಚ್ಚಲೊಲೆ ಇದ್ದೇ ಇದೆ, ಅಡಿಕೆ ಸಿಪ್ಪೆಯ ಉರಿ ಸಾಕು. ಆಮೇಲೆ ತೆಳು ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿ. ಹಿಂಡಬೇಡಿ. ಹಿಂಡಿದರೆ ಜೆಲ್ಲಿ ಮಬ್ಬಾಗುತ್ತದೆ. ರಾತ್ರಿಯಿಡೀ ತೊಟ್ಟಿಕ್ಕಲಿ. ಬಂದ ರಸ ಒಂದು ಲೋಟಕ್ಕೆ ಮುಕ್ಕಾಲು ಲೋಟ ಸಕ್ಕರೆ, ಅರ್ಧ ನಿಂಬೆಹಣ್ಣಿನ ರಸ ಹಾಕಿ ಕುದಿಸಿ.

ಈ ನಿಂಬೆರಸವನ್ನು ದಯವಿಟ್ಟು ಮರೆಯಬೇಡಿ. ಹಲಸಿನಲ್ಲಿ ಸಿಹಿ ಇದೆ, ಹುಳಿ ಇಲ್ಲ. ಪೆಕ್ಟಿನ್ ಎಳೆಗಳು ಒಂದನ್ನೊಂದು ಹಿಡಿದು ಬಲೆಯಾಗಬೇಕಾದರೆ ಹುಳಿ ಬೇಕೇ ಬೇಕು, ಪಿಎಚ್ (ಹುಳಿಯ ಅಳತೆ, ಹುಳಿ ಹೆಚ್ಚಿದಷ್ಟೂ ಇದು ಇಳಿಯುತ್ತದೆ) 3ರ ಆಸುಪಾಸಿಗೆ ಇಳಿಯಬೇಕು. ಸಕ್ಕರೆ ನೀರನ್ನು ತನ್ನ ಕಡೆ ಎಳೆದುಕೊಳ್ಳಬೇಕು. ಎರಡರಲ್ಲಿ ಒಂದು ಕಡಿಮೆಯಾದರೂ ಪಾಕವಷ್ಟೇ ಉಳಿಯುತ್ತದೆ. ಮೂವತ್ತು ವರ್ಷ ಪಿಎಚ್ ಪಾಠ ಮಾಡಿದ ನಾನೇ ಮೊದಲ ಸಲ ನಿಂಬೆ ಹಾಕಲು ಮರೆತೆ. ಒಂದೂವರೆ ಗಂಟೆ ಕುದಿಸಿದರೂ ಅದು ಜೋನಿ ಬೆಲ್ಲದ ಹಾಗೇ ಇತ್ತು.

ಇನ್ನೊಂದು ಸಣ್ಣ ಮಾತು. ಪುಸ್ತಕದಲ್ಲಿ ಜೆಲ್ಲಿ 105 ಡಿಗ್ರಿಗೆ ಬಂದಾಗ ಇಳಿಸಿ ಅಂತ ಇರುತ್ತದೆ. ಅದು ಸಮುದ್ರಮಟ್ಟದ ಲೆಕ್ಕ. ಸಾಗರ ಸುಮಾರು 600 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಕುದಿಯುವುದೇ 98 ಡಿಗ್ರಿಗೆ. ಹಾಗಾಗಿ ನಮಗೆ 103 ಸಾಕು. ಥರ್ಮಾಮೀಟರ್ ಇಲ್ಲದಿದ್ದರೆ ತಣ್ಣಗಿನ ತಟ್ಟೆಯ ಮೇಲೆ ಒಂದು ಹನಿ ಬಿಟ್ಟು, ಬೆರಳಿನಿಂದ ತಳ್ಳಿ ನೋಡಿ. ಸುಕ್ಕು ಕಟ್ಟಿದರೆ ಇಳಿಸಿ.

ಅನಾನಸ್ ಸಿಪ್ಪೆಯ ಬಗ್ಗೆ ಹೇಳದೆ ಹೋದರೆ ಅನಾನಸ್ ಬೆಳೆಯುವ ಸೊರಬದವರು ಬೇಜಾರು ಮಾಡಿಕೊಳ್ಳುತ್ತಾರೆ. ತೊಳೆದ ಸಿಪ್ಪೆ, ನೀರು, ಸ್ವಲ್ಪ ಬೆಲ್ಲ ಜಾಡಿಗೆ ಹಾಕಿ ಬಾಯಿಗೆ ಬಟ್ಟೆ ಕಟ್ಟಿಡಿ. ಸಿಪ್ಪೆ ಮೇಲೆ ತೇಲುತ್ತದೆ, ದಿನಾ ಒಮ್ಮೆ ಅದನ್ನು ಒಳಗೆ ಅದುಮಿ. ವಾರವಾದ ಮೇಲೆ ಸೋಸಿ, ರಸವನ್ನು ಮತ್ತೆ ಬಟ್ಟೆ ಕಟ್ಟಿ ಮೂರು ವಾರ ಬಿಡಿ. ಮೊದಲು ಯೀಸ್ಟ್ ಸಿಹಿಯನ್ನು ಮದ್ಯ ಮಾಡುತ್ತದೆ, ಆಮೇಲೆ ಒಂದು ಬ್ಯಾಕ್ಟೀರಿಯಾ ಆ ಮದ್ಯವನ್ನು ವಿನೆಗರ್ ಮಾಡುತ್ತದೆ. ಎರಡನೆಯದಕ್ಕೆ ಗಾಳಿ ಬೇಕು, ಅದಕ್ಕೇ ಬಟ್ಟೆ, ಮುಚ್ಚಳ ಅಲ್ಲ. ಇದನ್ನು ಕೋಸಂಬರಿಗೆ ಹಾಕಿ, ಸಿಂಕ್ ತೊಳೆಯಿರಿ. ಉಪ್ಪಿನಕಾಯಿ ಕೆಡದಿರಲಿ ಅಂತ ಮಾತ್ರ ಇದನ್ನು ನಂಬಬೇಡಿ. ಮನೆಯ ವಿನೆಗರ್‌ನ ಹುಳಿ ಒಂದೊಂದು ಸಲ ಒಂದೊಂದು ಥರ ಇರುತ್ತದೆ.

ಎಲ್ಲಾ ಸಿಪ್ಪೆಯೂ ಒಳ್ಳೆಯದು ಅಂತ ಅಂದುಕೊಳ್ಳಬೇಡಿ. ಒಂದು ಬೇಸಿಗೆ ಕಾಟು ಮಾವಿನ ಸಿಪ್ಪೆಯಲ್ಲಿ ಜಾಮ್ ಮಾಡಿದೆ. ಬಣ್ಣ ನೋಡಿ ನಾನೇ ಮರುಳಾದೆ. ರುಚಿ ನೋಡಿದ ಅತ್ತಿಗೆಯ ತುಟಿ ಎರಡು ದಿನ ಉರಿಯಿತು. ತೊಟ್ಟಿನ ಸೊನೆ ಸಿಪ್ಪೆಗೆ ಹತ್ತಿತ್ತು, ಕುದಿಸಿದರೂ ಹೋಗಿರಲಿಲ್ಲ. ಅತ್ತಿಗೆ ಈಗಲೂ ನಮ್ಮನೆಗೆ ಬಂದರೆ ಬಾಟಲಿಯ ಚೀಟಿ ಓದಿಯೇ ಚಮಚ ಹಾಕುತ್ತಾರೆ. ಹಾಗೇ ಎಲ್ಲಿಂದ ಬಂತು, ಏನು ಹೊಡೆದಿದ್ದರು ಅಂತ ಗೊತ್ತಿಲ್ಲದ ಹಣ್ಣಿನ ಸಿಪ್ಪೆಯನ್ನು, ಮೇಣ ಬಳಿದ ಸೇಬಿನ ಸಿಪ್ಪೆಯನ್ನು ನಾನು ಬಳಸುವುದಿಲ್ಲ.

ಮಲೆನಾಡಿನಲ್ಲಿ ನಮಗೆ ದೊಡ್ಡ ಶತ್ರು ತೇವ. ಹಪ್ಪಳ, ಮಾಂಬಳ ಎಲ್ಲ ಏಪ್ರಿಲ್, ಮೇ ಬಿಸಿಲಿಗೆ ಮುಗಿಯಬೇಕು. ಜೂನ್ ಆದ ಮೇಲೆ ನಮ್ಮ ಕೈಯಲ್ಲಿ ಉಳಿಯುವುದು ಉಪ್ಪು, ಸಕ್ಕರೆ, ಬೆಂಕಿ. ಗಾಜಿನ ಬಾಟಲಿಯನ್ನು ಹತ್ತು ನಿಮಿಷ ನೀರಿನಲ್ಲಿ ಕುದಿಸಿ, ಬಿಸಿ ಇರುವಾಗಲೇ ಬಿಸಿ ಜೆಲ್ಲಿ ತುಂಬಿಸಿ. ಮೇಲೆ ಬೂಷ್ಟು ಬಂದರೆ ಕೆರೆದು ತೆಗೆದು ತಿನ್ನುವ ಅಭ್ಯಾಸ ನಮ್ಮಲ್ಲಿದೆ. ಬೇಡ. ಕಣ್ಣಿಗೆ ಕಾಣದ ಬೇರು ಒಳಗೆ ಇಳಿದಿರುತ್ತದೆ, ಪೂರ್ತಿ ಎಸೆಯಿರಿ. ಶುಗರ್ ಇದೆ, ಸಕ್ಕರೆ ಅರ್ಧ ಮಾಡಬಹುದಾ ಅಂತ ಪ್ರತಿ ಸಲ ಯಾರಾದರೂ ಕೇಳುತ್ತಾರೆ. ಮಾಡಬಹುದು, ಆದರೆ ಸರಿಯಾಗಿ ಗಟ್ಟಿಯಾಗುವುದಿಲ್ಲ, ಫ್ರಿಜ್ಜಿನಲ್ಲಿಟ್ಟು ವಾರದೊಳಗೆ ಮುಗಿಸಬೇಕು.

ಇಷ್ಟೆಲ್ಲ ರಗಳೆ ಬೇಡ ಅನ್ನುವವರು ಪಾನಕಕ್ಕೆ ಹಿಂಡಿದ ನಿಂಬೆ ಹೋಳುಗಳನ್ನು ಜಾಡಿಗೆ ಹಾಕುತ್ತಾ ಹೋಗಿ. ತೂಕದ ಐದರಲ್ಲಿ ಒಂದು ಭಾಗ ಉಪ್ಪು, ಮೇಲೆ ಎರಡು ಹಣ್ಣಿನ ರಸ. ತಿಂಗಳಾದ ಮೇಲೆ ಮೆತ್ತಗಾಗಿರುತ್ತದೆ. ಗಂಜಿಗೆ ಅದಕ್ಕಿಂತ ಬೇರೆ ಏನು ಬೇಕು?

ನಮ್ಮ ಮನೆಯವರು ಒಮ್ಮೆ ಲೆಕ್ಕ ಹಾಕಿ ತೋರಿಸಿದರು. ಎಸೆಯುವ ನಾರು ಉಳಿಸಲು ಹೋಗಿ ನಾನು ಒಂದು ಕಿಲೋ ಸಕ್ಕರೆ, ಒಂದೂವರೆ ಗಂಟೆ ಗ್ಯಾಸ್ ಖರ್ಚು ಮಾಡಿದ್ದೆ. ಯಾರೂ ತಿನ್ನದ ನಾಲ್ಕು ಬಾಟಲಿ ಕಪಾಟಿನಲ್ಲಿ ಕೂತಿದ್ದವು. ಅವರ ಮಾತು ನಿಜ. ಈಗ ನಾನು ವರ್ಷಕ್ಕೆ ಎರಡು ಹಣ್ಣಿನ ನಾರಷ್ಟೇ ಬೇಯಿಸುತ್ತೇನೆ, ಉಳಿದದ್ದು ಹಿತ್ತಲಿನ ಗುಂಡಿಗೆ.

ಮೇಜಿನ ಮೇಲೆ ಮೂರು ಬಾಟಲಿ ಇಟ್ಟಿದ್ದೇನೆ. ಮೊದಲನೆಯದು ನಿಂಬೆ, ಎರಡನೆಯದು ಈ ವರ್ಷದ ಹಲಸಿನ ಜೆಲ್ಲಿ. ಮೂರನೆಯದು ಗಟ್ಟಿಯಾಗಲಿಲ್ಲ. ಅದಕ್ಕೇ ಒಂದು ಡಬ್ಬಿ ನೀರುದೋಸೆ ತಂದಿದ್ದೇನೆ. ಬನ್ನಿ.