ಕೊಲ್ಲಿ ಬೆಟ್ಟದ ಅಜ್ಜಿ: 68ಕ್ಕೆ ರಿಟೈರ್ ಆಗಿ ಅಂದ್ರೆ ತಟ್ಟು ಕುದುರೆ ಹತ್ತಿದ್ರು

ನಮಸ್ಕಾರ ಎಲ್ಲರ್ಗೂ. ಬೆಂಗಳೂರಿನ ಬೈಕ್ ಹುಡುಗ್ರಿಗೆ ಕೊಲ್ಲಿ ಹಿಲ್ಸ್ ಬಗ್ಗೆ ನಾನೇನೂ ಹೇಳ್ಬೇಕಾಗಿಲ್ಲ, ಹೊಸೂರು, ಕೃಷ್ಣಗಿರಿ, ಸೇಲಂ ದಾಟಿ ನಾಮಕ್ಕಲ್ ಕಡೆ ಹೋದ್ರೆ 70 ಹೇರ್‌ಪಿನ್ ಬೆಂಡ್, ಎಲ್ಲಾರೂ ಆ ಬೋರ್ಡ್ ಮುಂದೆ ಫೋಟೋ ತೆಗೆಸ್ಕೊಂಡು ಸ್ಟೇಟಸ್ ಹಾಕಿರ್ತೀರಾ. ನಾನೂ ಹಾಕಿದೀನಿ. ಆದ್ರೆ ಆ ರೋಡೇ ಇಲ್ದಿದ್ದ ಕಾಲದಲ್ಲಿ ಲಂಡನ್ನಿಂದ ಬಂದ ಒಬ್ಬ ಹೆಂಗಸು ಅದೇ ಬೆಟ್ಟ ಹತ್ತಿ, ತೊಂಬತ್ತು ದಾಟೋವರ್ಗೂ ಆ ಸುತ್ತಿನ ಬೆಟ್ಟಗಳನ್ನ ಬಿಡ್ಲೇ ಇಲ್ಲ ಅನ್ನೋದು ನಂಗೆ ಆಮೇಲೆ ಗೊತ್ತಾಗಿದ್ದು. ಇವತ್ತು ಅವ್ರ ಕಥೆ. ಹೆಸ್ರು ಈವ್ಲಿನ್ ಬ್ರ್ಯಾಂಡ್, ಆದ್ರೆ ಎಲ್ಲಾರೂ ಕರೀತಿದ್ದಿದ್ದು ಗ್ರ್ಯಾನಿ ಬ್ರ್ಯಾಂಡ್ ಅಂತ. ನಾನು ಸುಮ್ನೆ ಅಜ್ಜಿ ಅಂತೀನಿ.

(ಇಲ್ಲಿ ಮ್ಯಾಪ್: ಲಂಡನ್, ಮದ್ರಾಸ್, ಸೇಂದಮಂಗಲಂ, ಕೊಲ್ಲಿ ಬೆಟ್ಟ)

ಹುಟ್ಟಿದ್ದು 1879. ಲಂಡನ್ನಲ್ಲಿ ಚೆನ್ನಾಗಿ ಅನುಕೂಲ ಇದ್ದ ಮನೆ, ಅಕ್ಕತಂಗಿಯರು ತುಂಬಿದ್ದ ಸಂಸಾರ, ಚಿತ್ರ ಬರಿಯೋದು ಕಲ್ತಿದ್ರು, ಒಳ್ಳೊಳ್ಳೆ ಬಟ್ಟೆ ಹಾಕೋ ಆಸೆನೂ ಇತ್ತು. ಅಂಥವ್ರು ಮೂವತ್ತು ದಾಟಿದ್ಮೇಲೆ ಸ್ಟ್ರಿಕ್ಟ್ ಬ್ಯಾಪ್ಟಿಸ್ಟ್ ಮಿಷನ್ ಅನ್ನೋ ಕ್ರೈಸ್ತ ಸಂಸ್ಥೆ ಮೂಲಕ ಇಂಡಿಯಾಕ್ಕೆ ಬರ್ತಾರೆ, 1913ರಲ್ಲಿ ಜೆಸ್ಸಿ ಬ್ರ್ಯಾಂಡ್ ಅನ್ನೋರ ಜೊತೆ ಮದುವೆ ಆಗುತ್ತೆ, ಹುಡುಗ ಇವ್ರಿಗಿಂತ ವಯಸ್ಸಲ್ಲಿ ಚಿಕ್ಕೋನು. ಮದುವೆ ಬೆಟ್ಟದ ಬುಡದಲ್ಲಿ, ಸೇಂದಮಂಗಲದಲ್ಲಿ. ಅವತ್ತೇ ಗಂಡನ ಮನೆಗೆ ಹೊರಟ್ರು, ಗಂಡನ ಮನೆ ಅಂದ್ರೆ ಬೆಟ್ಟದ ಮೇಲೆ, ಮಳೆ ಬೇರೆ ಶುರುವಾಯ್ತು, ಮದುವೆ ಬಟ್ಟೆಲೇ ನೆಂದು ತೊಪ್ಪೆ. ಮನೆ ತುಂಬಿಸ್ಕೊಂಡಿದ್ದು ಹಾಗೆ.

ಒಂದು ವಿಷ್ಯ ಮೊದ್ಲೇ ಹೇಳ್ಬಿಡ್ತೀನಿ, ಇಲ್ಲಾಂದ್ರೆ ಕಾಮೆಂಟಲ್ಲಿ ಬೈತೀರ. ಈ ಅಜ್ಜಿ ಬೆಟ್ಟದಲ್ಲಿ ರೋಗಿಗಳನ್ನ ನೋಡ್ಕೊಂಡ್ರು ನಿಜ, ಆದ್ರೆ ದೊಡ್ಡಾಸ್ಪತ್ರೆ ವಾರ್ಡಲ್ಲಿ ಬಿಳಿ ಡ್ರೆಸ್ ಹಾಕ್ಕೊಂಡು ಓಡಾಡಿದ ನರ್ಸ್ ಅಲ್ಲ. ಗಂಡ ಲಂಡನ್ನಲ್ಲಿ ಒಂದು ವರ್ಷ ಉಷ್ಣ ದೇಶದ ಕಾಯಿಲೆಗಳ ಬಗ್ಗೆ ಕಲ್ತಿದ್ರು, ಅವ್ರೂ ಡಾಕ್ಟರ್ ಅಲ್ಲ. ಆದ್ರೆ ಬೆಟ್ಟದ ಮೇಲೆ ಬೇರೆ ಯಾರೂ ಇರ್ಲಿಲ್ವಲ್ಲ, ಹಲ್ಲು ಕೀಳೋದು, ಹುಣ್ಣು ತೊಳಿಯೋದು, ಕೀವು ತೆಗಿಯೋದು, ಜ್ವರಕ್ಕೆ ಔಷಧಿ ಕೊಡೋದು, ಸಂಜೆ ಹೊತ್ತು ಯೇಸು ಕಥೆ ಹೇಳೋದು, ಎಲ್ಲಾ ಇವ್ರದ್ದೇ. ನರ್ಸಿಂಗ್ ಬೇರೆ, ಸುವಾರ್ತೆ ಅಂದ್ರೆ ಯೇಸು ಸಂದೇಶ ಸಾರೋದು ಬೇರೆ ಅನ್ನೋ ಲೆಕ್ಕಾನೇ ಅವ್ರಿಗಿರ್ಲಿಲ್ಲ.

ಈಗ ನಾರು ಹುಣ್ಣಿನ ವಿಷ್ಯಕ್ಕೆ ಬರೋಣ. ರಾಯಚೂರು, ಗುಲ್ಬರ್ಗ, ಬಿಜಾಪುರ ಕಡೆಯೋರಿಗೆ ಈ ಹೆಸ್ರು ಕೇಳಿದ್ರೇ ಮೈ ಜುಂ ಅನ್ನುತ್ತೆ, ನಮ್ಮಜ್ಜಿ ಹೇಳೋರು, ಕಾಲಿಂದ ದಾರ ಬಂದಂಗೆ ಹುಳ ಬರ್ತಿತ್ತು ಅಂತ, ನಾನು ಚಿಕ್ಕೋನಿದ್ದಾಗ ಸುಮ್ನೆ ಹೆದ್ರಿಸ್ತಿದಾರೆ ಅನ್ಕೊಂಡಿದ್ದೆ. ಕಥೆ ಅಲ್ಲ. ಇಂಗ್ಲಿಷಲ್ಲಿ ಗಿನಿ ವರ್ಮ್ ಅಂತಾರೆ. ಕೊಲ್ಲಿ ಬೆಟ್ಟದಲ್ಲೂ ಇದು ಜಾಸ್ತಿ ಇತ್ತು.

(ಅನಿಮೇಷನ್: ಮೆಟ್ಟಿಲ ಬಾವಿ, ನೀರಲ್ಲಿ ಸಣ್ಣ ಚುಕ್ಕೆಗಳು)

ಹೆಂಗೆ ಬರುತ್ತೆ ನೋಡಿ. ನೀರಲ್ಲಿ ಕಣ್ಣಿಗೆ ಕಂಡೂ ಕಾಣ್ದಂಗೆ ಸಣ್ಣ ಜೀವಿಗಳಿರುತ್ತೆ, ಸೈಕ್ಲಾಪ್ಸ್ ಅಂತ. ಅದ್ರೊಳಗೆ ಈ ಹುಳದ ಮರಿ ಸೇರ್ಕೊಂಡಿರುತ್ತೆ. ಆ ನೀರು ಕುಡಿದ್ರೆ ಸೈಕ್ಲಾಪ್ಸ್ ಹೊಟ್ಟೆಲಿ ಸತ್ತೋಗುತ್ತೆ, ಹುಳದ ಮರಿ ಸಾಯಲ್ಲ. ಒಂದು ವರ್ಷ ನಮ್ಮ ಮೈಯೊಳಗೇ ಬೆಳೆದು, ಹೆಣ್ಣು ಹುಳ ಹತ್ತತ್ರ ಒಂದು ಮೀಟರ್ ಉದ್ದ ಆಗಿ, ಕಾಲ ಕಡೆ ಬಂದು ಬೊಬ್ಬೆ ಎಬ್ಸುತ್ತೆ. ಬೆಂಕಿ ಇಟ್ಟಂಗೆ ಉರಿ. ಉರಿ ತಡ್ಕೊಳಕ್ಕಾಗ್ದೆ ಪಾಪ ಅವ್ನು ಹೋಗಿ ಬಾವಿ ಮೆಟ್ಟಿಲ ಮೇಲೆ ನಿಂತು ಕಾಲು ನೀರಿಗಿಡ್ತಾನೆ, ಅಷ್ಟೇ, ಬೊಬ್ಬೆ ಒಡೆದು ಹುಳ ಸಾವಿರಾರು ಮರಿಗಳನ್ನ ನೀರಿಗೆ ಬಿಟ್ಬಿಡುತ್ತೆ. ಅದೇ ನೀರನ್ನೇ ಊರು ಕುಡಿಯುತ್ತೆ. ಮುಂದಿನ ವರ್ಷ ಮತ್ತೆ ಅದೇ.

ಹುಳ ತೆಗಿಯೋಕೆ ಮಾಮೂಲಿ ದಾರಿ ಇದು. ಆಚೆ ಬಂದ ತುದೀನ ಸಣ್ಣ ಕಡ್ಡಿಗೆ ಸುತ್ತಿ ದಿನಾ ಸ್ವಲ್ಪ ಸ್ವಲ್ಪ ಎಳೀಬೇಕು, ಒಂದಿಷ್ಟು ಬಂತಾ, ನಿಲ್ಸು, ನಾಳೆ ಇನ್ನೊಂದಿಷ್ಟು. ಅವಸರ ಮಾಡಿ ಒಳಗೇ ತುಂಡಾಯ್ತೋ, ಕಾಲು ಊದ್ಕೊಂಡು ಕೀವು ತುಂಬುತ್ತೆ. ಗಂಡ ಹೆಂಡ್ತಿ ಇಬ್ರೂ ಇದೇ ಕೆಲ್ಸ ಮಾಡ್ತಿದ್ರು. ಮಗ ಪಾಲ್ ಚಿಕ್ಕ ಹುಡುಗ, ಅಪ್ಪ ಇಂಥ ಒಂದು ಕೀವುಗಡ್ಡೆ ಕೊಯ್ಯೋದನ್ನ ನೋಡಿ ಅಸಹ್ಯ ಪಟ್ಕೊಂಡು ನಾನಂತೂ ಜನ್ಮದಲ್ಲಿ ಡಾಕ್ಟರ್ ಆಗಲ್ಲ ಅನ್ಕೊಂಡ್ನಂತೆ. ಆಗಿದ್ದೇನು ಅಂತ ಆಮೇಲೆ ಹೇಳ್ತೀನಿ.

ಬರೀ ಹುಳ ಎಳ್ಕೊಂಡು ಕೂತ್ರೆ ಮುಗಿಯೋ ಕೆಲ್ಸಾನ ಅದು? ಬಾವಿಗೆ ಯಾರೂ ಕಾಲಿಡದಂಗೆ ಸುತ್ತ ಕಲ್ಲಿನ ಕಟ್ಟೆ ಕಟ್ಸೋದು, ನೀರು ಬಟ್ಟೆಲಿ ಸೋಸಿ ಕುಡೀರಿ ಅಂತ ಮನೆಮನೆಗೂ ಹೇಳೋದು. ಇಂಡಿಯಾ ಸರ್ಕಾರ ಇದಕ್ಕೆ ದೇಶಾದ್ಯಂತ ಕಾರ್ಯಕ್ರಮ ಶುರು ಮಾಡಿದ್ದು ಎಂಬತ್ತರ ದಶಕದಲ್ಲಿ, ಕೊನೆ ಕೇಸ್ ಸಿಕ್ಕಿದ್ದು 1996ರಲ್ಲಿ, 2000ದಲ್ಲಿ ನಾರು ಹುಣ್ಣು ಮುಕ್ತ ದೇಶ ಅಂತ ಸರ್ಟಿಫಿಕೇಟ್ ಸಿಕ್ತು. ಔಷಧಿ ಇಲ್ಲ, ಲಸಿಕೆ ಇಲ್ಲ, ಅವಾಗ್ಲೂ ಮಾಡಿದ್ದು ಹೆಚ್ಚುಕಮ್ಮಿ ಇದೇ, ನೀರು ಸೋಸಿ, ಬಾವಿಗಿಳೀಬೇಡಿ.

ಸುವಾರ್ತೆ ಕಥೆ? ಅದು ಅಷ್ಟು ಸಲೀಸಾಗಿರ್ಲಿಲ್ಲ. ಔಷಧಿಗೆ ಬರೋರು, ವಾಸಿಯಾದ್ಮೇಲೆ ಹೋಗೋರು. ಎಷ್ಟೋ ವರ್ಷ ಒಬ್ರೂ ಕ್ರೈಸ್ತ ಧರ್ಮಕ್ಕೆ ಸೇರ್ಲಿಲ್ಲ, ಊರಿನ ಪೂಜಾರಿದು ಭಾರಿ ವಿರೋಧ ಬೇರೆ. (ಅವ್ನ ಜಾಗದಲ್ಲಿ ನಿಂತು ನೋಡಿದ್ರೆ ಅದೂ ಅರ್ಥ ಆಗುತ್ತೆ ಬಿಡಿ, ಯಾರೋ ಹೊರಗಿನೋರು ಬಂದು ನಿಮ್ಮ ದೇವ್ರು ಬಿಡಿ ಅಂದ್ರೆ.) ಆಮೇಲೆ 1918-19ರ ಮಹಾ ಇನ್‌ಫ್ಲೂಯೆಂಜಾ ಬಂತು. ಜನ ಜನಾನ ಮುಟ್ಟೋಕೂ ಹೆದ್ರೋ ಟೈಮಲ್ಲಿ ಇವ್ರಿಬ್ರು ಅಕ್ಕಿ ಗಂಜಿ ಕಾಯಿಸ್ಕೊಂಡು ಗುಡಿಸಲು ಗುಡಿಸಲಿಗೆ ಹೋಗಿ ಕುಡಿಸಿದ್ರು. ಪೂಜಾರಿಗೂ ಜ್ವರ ಬಂತು, ಹೆಂಡ್ತಿಗೂ ಬಂತು, ಸಾಯೋ ಮುಂಚೆ ಅವ್ನು ತನ್ನ ಮಕ್ಕಳನ್ನ ಒಪ್ಸಿದ್ದು ಇವ್ರ ಕೈಗೇ. ಅದ್ರಲ್ಲಿ ಹೆಣ್ಣು ಕೂಸು ರೂತ್ ಆಗಿ ಇವ್ರ ಮನೆಲೇ ಬೆಳೀತು.

ಆದ್ರೆ ಸ್ವಂತ ಮಕ್ಕಳು? 1923ರಲ್ಲಿ ಒಂಬತ್ತು ವರ್ಷದ ಪಾಲ್‌ನ, ಅವ್ನ ತಂಗಿ ಕಾನಿನ ಓದೋಕೆ ಅಂತ ಇಂಗ್ಲೆಂಡಲ್ಲಿ ಬಿಟ್ಟು ವಾಪಸ್ ಬಂದ್ರು. ಆಗ ಮಿಷನರಿಗಳ ಮನೆಲಿ ಇದೇ ರೂಢಿ. ಆದ್ರೂ ನಂಗೆ ಇದು ಇವತ್ತಿಗೂ ಗಂಟ್ಲಲ್ಲಿ ಸಿಕ್ಕಾಕೊಳ್ಳುತ್ತೆ, ಊರ ಮಕ್ಕಳಿಗೆ ತಾಯಿಯಾದೋರು ಹೆತ್ತ ಮಕ್ಕಳನ್ನ ಆರು ವರ್ಷ ಕಣ್ಣಲ್ಲಿ ನೋಡ್ಲಿಲ್ಲ. 1929ರಲ್ಲಿ ಜೆಸ್ಸಿ ಬ್ಲ್ಯಾಕ್‌ವಾಟರ್ ಫೀವರ್ ಅನ್ನೋ ಮಲೇರಿಯಾ ಸಂಬಂಧದ ಜ್ವರಕ್ಕೆ ತೀರ್ಕೊಂಡ್ರು. ಇಂಗ್ಲೆಂಡಲ್ಲಿದ್ದ ಪಾಲ್‌ಗೆ ಟೆಲಿಗ್ರಾಮ್ ಬೇಗ ತಲುಪ್ತು, ಆದ್ರೆ ಅಪ್ಪ ಮುಂಚೆ ಬರೆದಿದ್ದ ಕಾಗದಗಳು ಹಡಗಲ್ಲಿ ಬರ್ಬೇಕಲ್ಲ, ಅವು ಅಪ್ಪ ಸತ್ತ ಸುದ್ದಿ ಬಂದ್ಮೇಲೂ ಒಂದೊಂದಾಗಿ ಬರ್ತಾನೇ ಇದ್ವು. ಹದಿನೈದೂ ತುಂಬಿರ್ಲಿಲ್ಲ ಹುಡುಗನಿಗೆ.

ಅಮ್ಮ ಇಂಗ್ಲೆಂಡಿಗೆ ಹೋದಾಗ ಹಡಗಿಂದ ಇಳಿದು ಬಂದಿದ್ದು ಇವ್ರೇನಾ ಅನ್ನೋ ಹಾಗೆ ಕುಗ್ಗಿದ್ರಂತೆ. ಆದ್ರೆ ಅಲ್ಲಿ ನಿಲ್ಲಲಿಲ್ಲ, ಮತ್ತೆ ಇಂಡಿಯಾ. ಈ ಸಲ ಮಿಷನ್ನೋರು ಕೆಳಗೆ ಬಯಲುಸೀಮೆಲಿ ಕೆಲ್ಸ ಕೊಟ್ರು. ಮನಸ್ಸು ಮಾತ್ರ ಮೇಲೆ.

ಹಂಗೇ 68 ವಯಸ್ಸಾಯ್ತು, 1947. ಮಿಷನ್ನೋರು ಇನ್ನು ಸಾಕಮ್ಮ ಅಂದ್ರು. ಅಜ್ಜಿ ಹೇಗೋ ಇನ್ನೊಂದು ವರ್ಷ ಕೇಳಿ ಇಸ್ಕೊಂಡ್ರು, ಆ ವರ್ಷದಲ್ಲಿ ಬೆಟ್ಟದ ಮೇಲೆ ಒಂದು ಪುಟ್ಟ ಮನೆಗೆ ವ್ಯವಸ್ಥೆ ಮಾಡ್ಕೊಂಡ್ರು, ಬೀಳ್ಕೊಡುಗೆ ಮುಗಿಯೋ ಹೊತ್ತಿಗೆ ಹೇಳಿದ್ರು, ನಾನು ಇಂಗ್ಲೆಂಡಿಗೆ ಹೋಗ್ತಿಲ್ಲ, ನಿಮ್ಮ ಕೆಲ್ಸದಿಂದ ರಿಟೈರ್ ಆದೆ ಅಷ್ಟೇ. ಪ್ಲಾನ್ ನೋಡಿ ಅಜ್ಜಿದು!

ಅಲ್ಲಿಂದ ಶುರು ನೋಡಿ ಗ್ರ್ಯಾನಿ ಬ್ರ್ಯಾಂಡ್. ತಟ್ಟು ಕುದುರೆ ಮೇಲೆ ಒಂದು ಬೆಟ್ಟದಿಂದ ಇನ್ನೊಂದು ಬೆಟ್ಟ, ಕೊಲ್ಲಿ ಆಯ್ತು, ಕಲ್ವರಾಯನ್, ಪಚ್ಚೈಮಲೈ. ಊರ ಪಕ್ಕ ಕ್ಯಾಂಪ್ ಹಾಕೋದು, ರೋಗಿ ನೋಡೋದು, ಮಕ್ಕಳಿಗೆ ಪಾಠ, ಪ್ರಾರ್ಥನೆ. ಬಿದ್ದಿದ್ದಕ್ಕಂತೂ ಲೆಕ್ಕ ಇಲ್ಲ. 75ರ ಆಸುಪಾಸಲ್ಲಿ ಒಂದ್ಸಲ ಬಿದ್ದು ಸೊಂಟದ ಮೂಳೆ ಮುರ್ಕೊಂಡು ರಾತ್ರಿಯೆಲ್ಲಾ ಹಾಗೇ ನೆಲದ ಮೇಲಿದ್ರು, ಬೆಳಿಗ್ಗೆ ಆಳು ಬಂದು ನೋಡಿ, ಹಗ್ಗದ ಮಂಚದ ಮೇಲೆ ಹೊತ್ತು ಇಳ್ಸಿ, ಜೀಪಲ್ಲಿ ಕುಲುಕಾಡ್ಕೊಂಡು ಆಸ್ಪತ್ರೆಗೆ.

ಅಷ್ಟೊತ್ತಿಗೆ ಮಗ ಯಾರು ಗೊತ್ತಾ? ಡಾಕ್ಟರ್ ಪಾಲ್ ಬ್ರ್ಯಾಂಡ್. ಡಾಕ್ಟರ್ ಆಗಲ್ಲ ಅಂತ ಮನೆ ಕಟ್ಟೋ ಕೆಲ್ಸ ಕಲ್ತೋನು ಆಮೇಲೆ ಸರ್ಜನ್ ಆಗಿ 1946ರಲ್ಲಿ ವೆಲ್ಲೂರಿಗೆ ಬಂದು, ಕುಷ್ಠರೋಗದಿಂದ ಮಡ್ಚ್ಕೊಂಡ ಬೆರಳುಗಳಿಗೆ ಆಪರೇಷನ್ ಮಾಡಿ ಮತ್ತೆ ಕೆಲ್ಸ ಮಾಡೋ ಹಂಗೆ ಮಾಡ್ತಿದ್ರು. ಸೊಸೆ ಮಾರ್ಗರೆಟ್ ಕಣ್ಣಿನ ಡಾಕ್ಟರ್, ಮೊಮ್ಮಕ್ಕಳು ಆರು. ಮಗಳು ಕಾನಿ ಗಂಡನ ಜೊತೆ ಆಫ್ರಿಕಾದಲ್ಲಿ ಮಿಷನರಿ. ಇಂಥ ಮಗ ಹೋಗಿ ಅಮ್ಮಾ ಇನ್ನು ಕೆಳಗೆ ಬಾ, ಡಾಕ್ಟರ್ ಹತ್ರ ಇರು ಅಂತ ಗೋಗರೆದ್ರೆ ಅಜ್ಜಿ ಕೇಳಿದ್ದು, ನಾನು ಬಂದ್ರೆ ಇವ್ರ ಗಾಯ ಯಾರು ತೊಳೀತಾರೆ, ಹಲ್ಲು ಯಾರು ಕೀಳ್ತಾರೆ, ನನ್ನ ಜಾಗಕ್ಕೆ ಒಬ್ರನ್ನ ಕಳ್ಸು, ಆಮೇಲೆ ನೋಡೋಣ. ಮಗನ ಹತ್ರ ಉತ್ರ ಇರ್ಲಿಲ್ಲ. ಎರಡು ಬಿದಿರು ಕೋಲು ಊರ್ಕೊಂಡು ಅಜ್ಜಿ ವಾಪಸ್ ಬೆಟ್ಟಕ್ಕೆ.

ಕೊನೆ ಇಪ್ಪತ್ತು ವರ್ಷ ಮನೆಲಿ ಕನ್ನಡಿನೇ ಇಟ್ಕೊಂಡಿರ್ಲಿಲ್ಲವಂತೆ. ಚೆಂದದ ಬಟ್ಟೆ ಹಾಕ್ತಿದ್ದ ಹುಡುಗಿ ಅಂತ ಶುರುಲಿ ಹೇಳಿದ್ನಲ್ಲ, ಅದೇ ಹುಡುಗಿ. 93ರಲ್ಲಿ ಕುದುರೆ ಬಿಡ್ಬೇಕಾಗಿ ಬಂತು, ಆಮೇಲೆ ಊರೋರೇ ಜೋಲಿ ಕಟ್ಟಿ ಊರಿಂದೂರಿಗೆ ಹೊತ್ಕೊಂಡು ಓಡಾಡ್ಸಿದ್ರು.

ತೀರ್ಕೊಂಡಿದ್ದು 1974ರ ಡಿಸೆಂಬರಲ್ಲಿ, 95 ವಯಸ್ಸು. ಪೆಟ್ಟಿಗೆ ಗಿಟ್ಟಿಗೆ ಬೇಡ, ಉಪಯೋಗ್ಸಿದ ಹತ್ತಿ ಬಟ್ಟೆಲಿ ಸುತ್ತಿ ಮಣ್ಣಿಗಿಡಿ ಅಂದಿದ್ರು, ಹಾಗೇ ಮಾಡಿದ್ರು. ಅದೇ ಬೆಟ್ಟದಲ್ಲಿ, ನಲ್ವತ್ತೈದು ವರ್ಷದಿಂದ ಅಲ್ಲೇ ಇದ್ದ ಜೆಸ್ಸಿ ಪಕ್ಕದಲ್ಲಿ.