ಲಾಯದಿಂದ ಕೊಟ್ಟಿಗೆಗೆ

ಸ್ನೇಹಿತರೇ,

ಇವತ್ತು ನಮ್ಮ ತಾಲೂಕುಗಳಲ್ಲಿರುವ ಪಶು ಆಸ್ಪತ್ರೆಯ ಮೂಲ ಹುಡುಕುತ್ತಾ ಹೋದರೆ ಸೇನೆಯ ಕುದುರೆ ಲಾಯಕ್ಕೆ ಹೋಗಿ ಮುಟ್ಟುತ್ತೇವೆ. ಬ್ರಿಟಿಷರಿಗೆ ಮೊದಲು ಬೇಕಾಗಿದ್ದದ್ದು ದಂಡಿಗೆ ಕುದುರೆ, ಫಿರಂಗಿ ಎಳೆಯಲು ಎತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಮೃತ ಮಹಲ್ ದನಗಳನ್ನು ಅವರು ಉಳಿಸಿಕೊಂಡದ್ದೂ ಆ ಕಾರಣಕ್ಕೇ.

ಅತ್ತ ರೈತನ ಕೊಟ್ಟಿಗೆಯನ್ನು ಖಾಲಿ ಮಾಡುತ್ತಿದ್ದದ್ದು ದೊಡ್ಡರೋಗ, ಇಂಗ್ಲಿಷಿನಲ್ಲಿ ರಿಂಡರ್‌ಪೆಸ್ಟ್ ಎನ್ನುವ ದನಗಳ ಅಂಟುರೋಗ. ಬಾಯಲ್ಲಿ ಹುಣ್ಣು, ಕಣ್ಣಲ್ಲಿ ನೀರು, ನಿಲ್ಲದ ಭೇದಿ. ಕೆಲವೇ ದಿನಗಳಲ್ಲಿ ಎತ್ತು ನೆಲ ಹಿಡಿಯುತ್ತಿತ್ತು. ಇದನ್ನು ಪರಿಶೀಲಿಸಲು ಸೇನೆಯ ಪಶುವೈದ್ಯ ಹ್ಯಾಲೆನ್ ಅವರ ನೇತೃತ್ವದಲ್ಲಿ ಆಯೋಗವೊಂದು ನೇಮಕವಾಗಿ, 1871ರಲ್ಲಿ ವರದಿ ಕೊಟ್ಟಿತು. ಆದರೂ ಸಿವಿಲ್ ಪಶುವೈದ್ಯ ಇಲಾಖೆ ನೆಲೆಗೊಳ್ಳುವ ಹೊತ್ತಿಗೆ 1892 ಬಂದಿತ್ತು. ಕುದುರೆಗಳ ಗ್ಲ್ಯಾಂಡರ್ಸ್ ರೋಗ ತಡೆಯುವ ಕಾಯ್ದೆ ಮಾತ್ರ 1879ರಲ್ಲೇ ಜಾರಿಯಾಗಿತ್ತು. ಯಾರ ಪ್ರಾಣಿಗೆ ಎಷ್ಟು ಬೆಲೆಯಿತ್ತು ಎಂಬುದು ಈ ಇಸವಿಗಳಲ್ಲೇ ಕಾಣುತ್ತದೆ.

ಇಂಗ್ಲೆಂಡಿನಲ್ಲಿ ಇದೇ ರೋಗದ 1865ರ ಪಿಡುಗನ್ನು ಸೋಂಕಿದ ದನಗಳನ್ನು ಕೊಂದು ನಿಲ್ಲಿಸಿದ್ದರು. ಇಲ್ಲಿ ಅದು ಆಗುವ ಮಾತಲ್ಲ. ಹಾಗಾಗಿ ಸೀರಮ್ಮೇ, ಅಂದರೆ ರೋಗ ತಡೆಯುವ ಶಕ್ತಿಯಿರುವ ರಕ್ತದ ತಿಳಿದ್ರವವೇ, ದಿಕ್ಕಾಯಿತು. ಪುಣೆಯಲ್ಲಿ 1889ರಲ್ಲಿ ಶುರುವಾದ ಇಂಪೀರಿಯಲ್ ಬ್ಯಾಕ್ಟೀರಿಯಾಲಜಿ ಪ್ರಯೋಗಾಲಯ ನಾಲ್ಕು ವರ್ಷದಲ್ಲಿ ಹಿಮಾಲಯದ ಕುಮಾವೂಂ ಬೆಟ್ಟದ ಮುಕ್ತೇಶ್ವರಕ್ಕೆ ಹೋಯಿತು; ತಂಪು ಹವೆ, ಊರುಕೇರಿಯಿಂದ ದೂರ. ಲಿಂಗಾರ್ಡ್ ಅದರ ಮೊದಲ ಮುಖ್ಯಸ್ಥರು. 1897ರಲ್ಲಿ ಜರ್ಮನಿಯ ಹೆಸರಾಂತ ರೋಗಾಣು ವಿಜ್ಞಾನಿ ರಾಬರ್ಟ್ ಕಾಖ್ ಕೂಡ ಅಲ್ಲಿಗೆ ಬಂದಿದ್ದರು. ರೋಗ ಗೆದ್ದ ದನದ ರಕ್ತದಿಂದ ಸೀರಮ್ ತೆಗೆದು ಬಾಟಲಿಯಲ್ಲಿ ದೇಶಕ್ಕೆಲ್ಲ ಕಳಿಸುತ್ತಿದ್ದರು.

ಬೆಟ್ಟದ ಮೇಲಿನ ಬಾಟಲಿ ಹಟ್ಟಿಗೆ ಮುಟ್ಟುವ ದಾರಿಯಲ್ಲೇ ಈ ಸೇವೆ ಸೋಲುತ್ತಿತ್ತು ಅನ್ನುವುದು ನನ್ನ ಅಭಿಪ್ರಾಯ. ಊರಲ್ಲಿ ದನ ಬಿದ್ದರೆ ಪಟೇಲ ಮೇಲಕ್ಕೆ ಬರೆಯಬೇಕು, ಅಲ್ಲಿಂದ ಪಶುವೈದ್ಯ ಸಹಾಯಕನಿಗೆ ಆದೇಶ ಹೋಗಬೇಕು. ಅವನ ಕೈಕೆಳಗೋ ಹತ್ತಾರು ಹಳ್ಳಿ. ಬರುವಷ್ಟರಲ್ಲಿ ರೋಗ ಸಂತೆಯ ದಾರಿ ಹಿಡಿದಿರುತ್ತಿತ್ತು. ಸೀರಮ್ಮಿನ ರಕ್ಷಣೆಯೂ ಕೆಲವು ದಿನಗಳದ್ದಷ್ಟೇ. ಆಗಲೇ ಸೋಂಕು ಒಳಗಿದ್ದ ಹಸು ಸೂಜಿ ಚುಚ್ಚಿದ ಮರುದಿನ ಸತ್ತರೆ, ಸೂಜಿಯೇ ಕೊಂದಿತು ಅಂತ ಮಾಲೀಕ ಅಂದುಕೊಳ್ಳುವುದು ಸಹಜ. ಕೆಲವು ಅಧಿಕಾರಿಗಳು ಇದನ್ನು ಹಳ್ಳಿಯವರ ಅಜ್ಞಾನವೆಂದು ಬರೆದುಬಿಟ್ಟರು. ಅದು ಅನ್ಯಾಯದ ಮಾತು. ಕಣ್ಣೆದುರು ಕಂಡದ್ದರ ಮೇಲೆ ರೈತ ತೀರ್ಮಾನಿಸಿದ್ದ, ಅವನಿಗಿದ್ದ ಆಸ್ತಿ ಒಂದು ಜೋಡಿ ಎತ್ತು.

ನಮ್ಮ ಮೈಸೂರು ಸಂಸ್ಥಾನ ದೂರದ ಬಾಟಲಿಯನ್ನೇ ನಂಬಿ ಕೂರದೆ, 1925ರಲ್ಲಿ ಬೆಂಗಳೂರಿನಲ್ಲೇ ಸೀರಮ್ ಸಂಸ್ಥೆ ಕಟ್ಟಿತು. ಹೆಬ್ಬಾಳದಲ್ಲಿ ಅದು ಈಗಲೂ ಬೇರೆ ಹೆಸರಿನಲ್ಲಿ ಲಸಿಕೆ ತಯಾರಿಸುತ್ತಿದೆ.

ಅದೇ ದಶಕದಲ್ಲಿ ಮುಕ್ತೇಶ್ವರದ ವಿಜ್ಞಾನಿ ಎಡ್ವರ್ಡ್ಸ್ ದೊಡ್ಡರೋಗದ ರೋಗಾಣುವನ್ನು ಆಡಿನಿಂದ ಆಡಿಗೆ ದಾಟಿಸುತ್ತಾ ಅದರ ಉಗ್ರತೆ ಕುಗ್ಗಿಸಿದರು. ಹಾಗೆ ಬಂದ ಲಸಿಕೆ ಅಗ್ಗ, ಒಂದೇ ಚುಚ್ಚಿಗೆ ವರ್ಷಗಟ್ಟಲೆ ರಕ್ಷಣೆ. ಪಿಡುಗು ಬಂದಮೇಲೆ ಓಡುವುದರ ಬದಲು ಮೊದಲೇ ಹೋಗಿ ಚುಚ್ಚಲು ದಾರಿಯಾಯಿತು. ಅಷ್ಟೊಂದು ಹಟ್ಟಿಗೆ ಹೋಗುವ ಜನರನ್ನು ಮಾತ್ರ ವಸಾಹತು ಸರ್ಕಾರ ಕೊನೆಯವರೆಗೂ ಕೊಡಲಿಲ್ಲ. ಆ ಕೆಲಸ ದೇಶದಾದ್ಯಂತ ಹೊರಟದ್ದು 1954ರ ದೊಡ್ಡರೋಗ ನಿರ್ಮೂಲನ ಅಭಿಯಾನದಲ್ಲಿ, ಸ್ವತಂತ್ರ ಭಾರತದ ಲಸಿಕೆದಾರರ ಕೈಯಿಂದ.